ಕೋಟೆ ಓಣಿಯ ಹಳೇ ಮನೆ ಲಾಡ್ಜು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಕೋಟೆ ರಸ್ತೆಯಿಂದ ಒಳಗೆ ತಿರುಗುವ ಒಂದು ಸಣ್ಣ ಓಣಿಯಲ್ಲಿ ನಮ್ಮ ಮನೆ ಇದೆ. ಮಾವನವರ ಅಜ್ಜ ಅಡಿಕೆ ವ್ಯಾಪಾರದಲ್ಲಿದ್ದಾಗ ಕಟ್ಟಿಸಿದ್ದು. ಈಗ ಏಳು ರೂಮು ಮಾಡಿ ಬಾಡಿಗೆಗೆ ಕೊಡುತ್ತೇವೆ, ಹಿಂದಿನ ಭಾಗದಲ್ಲಿ ನಾವೇ ಇದ್ದೇವೆ. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಜಗಲಿ ಮೇಲೆ ಕಾಫಿ ಕುಡಿಯುತ್ತಾ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವವೇ. ದಿನಾ ಹೇಳಿ ಹೇಳಿ ನನಗೂ ಸಾಕಾಯಿತು, ಅದಕ್ಕೆ ಬರೆದಿಟ್ಟೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಇನ್ಯಾವುದೋ ಹಳೇ ಮನೆಯಲ್ಲಿ ಉಳಿಯುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

## ಬರುವ ಮುಂಚೆ

ಇದು ಹೋಟೆಲ್ಲಾ, ಲಾಡ್ಜಾ, ಹೋಂಸ್ಟೇನಾ? ಏನಂತ ಕರೀಬೇಕು?

ನಮ್ಮ ಕಡೆ ಹೋಟೆಲ್ ಅಂದರೆ ದೋಸೆ ಸಿಗುವ ಜಾಗ. ಮಲಗುವುದಕ್ಕೆ ಲಾಡ್ಜು. ಆಟೊದವರಿಗೆ "ಕೋಟೆ ಹತ್ತಿರದ ಹಳೇ ಹೋಟೆಲ್" ಅಂದರೆ ಸೀದಾ ತಿಂಡಿ ಅಂಗಡಿ ಮುಂದೆ ಇಳಿಸುತ್ತಾರೆ, ಆಮೇಲೆ ನನಗೆ ಫೋನ್ ಮಾಡಿ ಬೈಯಬೇಡಿ. ಕಾಗದದ ಪ್ರಕಾರ ನಮ್ಮದು ಲಾಡ್ಜು. ನಡೆಯುವ ರೀತಿ ನೋಡಿದರೆ ನೆಂಟರ ಮನೆ. ರಾತ್ರಿ ಹತ್ತೂವರೆಗೆ ಹೆಬ್ಬಾಗಿಲಿಗೆ ಅಗಳಿ ಬೀಳುತ್ತದೆ, ತಡವಾಗುವುದಾದರೆ ಮುಂಚೆ ಹೇಳಿ. ಬೆಳಿಗ್ಗೆ ಬಾಗಿಲ ಮುಂದೆ ಅತ್ತೆ ರಂಗೋಲಿ ಹಾಕಿರುತ್ತಾರೆ, ದಾಟಿಕೊಂಡು ಹೋಗಿ. ರೂಮಿನಲ್ಲಿ ಟಿವಿ ಇಲ್ಲ. ಕರೆಗಂಟೆಯೂ ಇಲ್ಲ. ಕೂಗಿದರೆ ಸಾಕು, ಮನೆಗೆಲ್ಲ ಕೇಳುತ್ತದೆ.

ಮನೆ ಎಷ್ಟು ಹಳೇದು? ಶಿವಪ್ಪನಾಯಕನ ಕಾಲದ್ದಾ?

ಅಲ್ಲ. ಹೌದು ಅಂದರೆ ನಿಮಗೂ ಖುಷಿ, ನನಗೂ ನಾಲ್ಕು ಕಾಸು ಜಾಸ್ತಿ. ಆದರೆ ಅಲ್ಲ.

ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ನಮ್ಮ ಸೂರಿನ ಮೇಲಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಅಂದಮೇಲೆ ಈ ಸೂರು ಅದಕ್ಕಿಂತ ಹಳೇದಾಗಿರಲು ಸಾಧ್ಯವಿಲ್ಲ. ಹಳೇ ಮನೆ ಅಂತ ಯಾರಾದರೂ ಹೇಳಿದರೆ ಒಂದು ಹೆಂಚು ತಿರುಗಿಸಿ ನೋಡಿ, ಅಡಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಹಾಗಂತ ಹೆಂಚೊಂದನ್ನೇ ನಂಬುವಂತೆಯೂ ಇಲ್ಲ. ಎಷ್ಟೋ ಮನೆಗಳಿಗೆ ಮೊದಲು ನಾಡಹೆಂಚು ಇತ್ತು, ಆಮೇಲೆ ಯಾವ ಕಾಲದಲ್ಲೋ ಮಂಗಳೂರು ಹೆಂಚು ಹೊದಿಸಿದರು. ಕಂಬ ಒಂದು ಕಾಲದ್ದು, ಗೋಡೆ ಒಂದು ಕಾಲದ್ದು, ಸೂರು ಇನ್ನೊಂದು ಕಾಲದ್ದು. ನಮ್ಮ ಮನೆಯೂ ಹಾಗೇ. ಮಾವನವರ ಲೆಕ್ಕದಲ್ಲಿ ನೂರು ದಾಟಿದೆ, ಬಚ್ಚಲುಗಳು ಮಾತ್ರ ನಾನು ಮದುವೆಯಾಗಿ ಬಂದ ಮೇಲೆ ಕಟ್ಟಿಸಿದ್ದು.

ಇನ್ನೊಂದು ಮಾತು. ಶಿವಮೊಗ್ಗ ಕೆಳದಿಯವರ ರಾಜಧಾನಿ ಆಗಿರಲಿಲ್ಲ. ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು, ಅಂದರೆ ಈಗಿನ ನಗರ. ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದ. ಇಲ್ಲಿ ಕೋಟೆಯೊಳಗೆ ಶಿವಪ್ಪನಾಯಕನ ಅರಮನೆ ಅಂತ ಕರೆಯುವ ಕಟ್ಟಡವೂ, ಈಗ ನಿಂತಿರುವ ರೂಪದಲ್ಲಿ, ಹೈದರಾಲಿ ಕಾಲದ್ದು ಅಂತಲೇ ತಿಳಿದವರು ಹೇಳುವುದು.

ನಮ್ಮ ರೈಲು ಬೆಳಗಿನ ಜಾವಕ್ಕೇ ಬಂದ್ಬಿಡುತ್ತೆ. ಅಷ್ಟೊತ್ತಿಗೆ ರೂಮ್ ಕೊಡ್ತೀರಾ?

ಬೆಂಗಳೂರಿನಿಂದ ತಾಳಗುಪ್ಪದ ಕಡೆಗೆ ಹೋಗುವ ರಾತ್ರಿ ರೈಲಿನಲ್ಲಿ ಬರುವವರೆಲ್ಲ ಕೇಳುವ ಪ್ರಶ್ನೆ ಇದು. ಹಿಂದಿನ ರಾತ್ರಿ ಆ ರೂಮು ಖಾಲಿ ಇದ್ದರೆ ಸುಮ್ನೆ ಕೊಡುತ್ತೇವೆ, ದುಡ್ಡು ತಗೊಳ್ಳುವುದಿಲ್ಲ. ತುಂಬಿದ್ದರೆ ಜಗಲಿ ಇದೆ, ಚಾಪೆ ಇದೆ, ಕೆಳಗಿನ ಬಚ್ಚಲಲ್ಲಿ ಮುಖ ತೊಳೆಯಬಹುದು. ಆರು ಗಂಟೆಗೆ ಕಾಫಿ. ಸ್ಟೇಷನ್ನಿನಿಂದ ಆಟೊದಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಬಸ್‌ಸ್ಟ್ಯಾಂಡಿನಿಂದ ಇನ್ನೂ ಹತ್ತಿರ. ವಿಮಾನದಲ್ಲಿ ಬರುವವರಿಗೆ ಸೋಗಾನೆ ನಿಲ್ದಾಣ ಸುಮಾರು 15 ಕಿ.ಮೀ. ಆಗುತ್ತದೆ, ಅಲ್ಲಿಂದ ಟ್ಯಾಕ್ಸಿಯನ್ನು ಮುಂಚೆಯೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.

ಹೊರಡುವುದು ಮಾತ್ರ ಹನ್ನೊಂದಕ್ಕೆ. ಹಳೇ ಲಾಡ್ಜುಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಇರುತ್ತಿತ್ತು, ಈಗಲೂ ಕೆಲವು ಕಡೆ ಇದೆ. ನಾವೂ ಮೊದಲು ಹಾಗೇ ಮಾಡಿ ನೋಡಿದೆವು. ಬೆಳಗಿನ ಜಾವ ನಾಲ್ಕೂವರೆಗೆ ಜನರನ್ನು ಎಬ್ಬಿಸಿ ಬಿಲ್ ಕೊಡುವುದು ನನ್ನ ಕೈಲಿ ಆಗಲಿಲ್ಲ.

ಕಾರು ಬಾಗಿಲ ತನಕ ಬರುತ್ತಾ?

ಬರುವುದಿಲ್ಲ. ಓಣಿ ಎತ್ತಿನಗಾಡಿ ಕಾಲದ್ದು. ಸಣ್ಣ ಕಾರು ಹೇಗೋ ತೂರಿಸಬಹುದು, ಆದರೆ ಎದುರಿನಿಂದ ಹಾಲಿನ ಆಟೊ ಬಂದರೆ ನೀವು ರಸ್ತೆಯ ತನಕ ರಿವರ್ಸ್ ಹೋಗಬೇಕು. ಓಣಿ ಬಾಯಿಯಲ್ಲಿ ಲಗೇಜ್ ಇಳಿಸಿ ಫೋನ್ ಮಾಡಿ, ಹುಡುಗ ಬರುತ್ತಾನೆ. ಕಾರು ನಿಲ್ಲಿಸಲು ಎರಡು ನಿಮಿಷ ನಡೆಯುವಷ್ಟು ದೂರದಲ್ಲಿ ಜಾಗ ಮಾಡಿಕೊಂಡಿದ್ದೇವೆ. ಗಾಂಧಿ ಬಜಾರ್ ಕಡೆಯಿಂದ ಮ್ಯಾಪ್ ತೋರಿಸಿದರೆ ಸಂಜೆ ಹೊತ್ತು ಅದನ್ನು ಕೇಳಬೇಡಿ.

ಆಧಾರ್ ಯಾಕೆ ಬೇಕು? ಫೋನ್ ನಂಬರ್ ಸಾಕಲ್ವಾ?

ಸಾಲದು. ಉಳಿಯುವ ಪ್ರತಿ ದೊಡ್ಡವರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಆಧಾರೇ ಆಗಬೇಕು ಅಂತಿಲ್ಲ. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ನಡೆಯುತ್ತದೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದನ್ನು ತನ್ನಿ. ಎಲ್ಲ ಕಡೆ ಪೂರ್ತಿ ನಂಬರಿನ ಜೆರಾಕ್ಸ್ ಹಂಚಿಕೊಂಡು ಬರಬೇಡಿ. ಹೊರದೇಶದ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಮೊದಲೇ ಹೇಳಿ, ಅವರು ಬಂದ 24 ಗಂಟೆಯೊಳಗೆ ನಾವು ವಿದೇಶಿಯರ ವಿವರದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅಮೆರಿಕದಿಂದ ಬಂದ ನಮ್ಮ ಪಕ್ಕದ ಮನೆ ಮಗನೇ ಆದರೂ ಅಷ್ಟೇ.

ನಾವಿಬ್ಬರೂ ಮದುವೆ ಆಗಿಲ್ಲ. ರೂಮ್ ಸಿಗುತ್ತಾ?

ಇಬ್ಬರಿಗೂ 18 ತುಂಬಿದ್ದು, ಇಬ್ಬರ ಗುರುತಿನ ಚೀಟಿ ಇದ್ದರೆ ಸಿಗುತ್ತದೆ. ಇದನ್ನು ತಡೆಯುವ ಕಾನೂನು ಇಲ್ಲ. ಅತ್ತೆ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಬಹುದು. ಅವರು ಎಲ್ಲರನ್ನೂ ಕೇಳುತ್ತಾರೆ.

ಆ್ಯಪ್‌ನಲ್ಲಿ ಒಂದು ರೇಟು, ಫೋನಿನಲ್ಲಿ ಒಂದು ರೇಟು. ಯಾಕೆ?

ಎರಡು ಕಾರಣ. ಒಂದು, ಆ್ಯಪ್‌ನವರ ಕಮಿಷನ್. ಎರಡು, ತೆರಿಗೆ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಹಾಗಾಗಿ ನೇರವಾಗಿ ಬಂದರೆ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ. ಅದೇ ರೂಮನ್ನು ಆ್ಯಪ್‌ನಲ್ಲಿ ಹಿಡಿದರೆ ತೆರಿಗೆ ಕಟ್ಟುವ ಜವಾಬ್ದಾರಿ ಆ್ಯಪ್‌ನವರ ಮೇಲೆ ಬೀಳುತ್ತದೆ, ಅವರು ನಿಮ್ಮಿಂದ ವಸೂಲು ಮಾಡುತ್ತಾರೆ. ದಿನಕ್ಕೆ 7,500 ರೂಪಾಯಿ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಅದು 5 ಪರ್ಸೆಂಟ್, ಮೊದಲು 12 ಇತ್ತು. ಯಾರಾದರೂ ಜಿಎಸ್‌ಟಿ ಅಂತ ಹಾಕಿದರೆ ಬಿಲ್ಲಿನಲ್ಲಿ ಅವರ ನೋಂದಣಿ ನಂಬರು ಇದೆಯಾ ನೋಡಿ.

## ರೂಮಿನ ಒಳಗೆ

ಎಸಿ ಇಲ್ವಾ? ಏಪ್ರಿಲ್‌ನಲ್ಲಿ ಹೇಗೆ ಮಲಗೋದು?

ಎಸಿ ಇಲ್ಲ. ನೆಲಮಹಡಿಯ ರೂಮು ತಗೊಂಡರೆ ಬೇಕಾಗುವುದೂ ಇಲ್ಲ. ತಲೆ ಮೇಲೆ ಹಲಗೆಯ ಮುಚ್ಚಿಗೆ ಇದೆ, ಅದರ ಮೇಲೆ ಮಣ್ಣಿನ ಪದರ, ಅದರ ಮೇಲೆ ಅಟ್ಟ, ಆಮೇಲೆ ಹೆಂಚು. ಬಿಸಿಲು ಹೆಂಚಿಗೆ ಬಡಿದರೂ ಕೆಳಗೆ ಇಳಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಬಿಸಿಗಾಳಿ ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತದೆ. ಗೋಡೆ ಒಂದೂವರೆ ಅಡಿ ದಪ್ಪ. ನಡುವೆ ತೊಟ್ಟಿ, ಅಂದರೆ ಮೇಲೆ ಸೂರಿಲ್ಲದ ಒಳ ಅಂಗಳ, ಇರುವುದರಿಂದ ಗಾಳಿ ಆಡುತ್ತದೆ.

ಆದರೆ ಮಹಡಿ ಮೇಲಿನ ಎರಡು ರೂಮಿಗೆ ಈ ಮುಚ್ಚಿಗೆ ಇಲ್ಲ, ಸೀದಾ ಹೆಂಚು. ಮಾರ್ಚ್ ಕೊನೆಯಿಂದ ಮೊದಲ ಮಳೆ ಬೀಳುವ ತನಕ ಅಲ್ಲಿ ಮಧ್ಯಾಹ್ನ ಕಾವಲಿ ಮೇಲೆ ಕೂತ ಹಾಗೆ. ನಾನು ಅದನ್ನು ಮುಂಚೆಯೇ ಹೇಳುತ್ತೇನೆ, ಬಾಡಿಗೆಯನ್ನೂ ಇಳಿಸುತ್ತೇನೆ. "ಮೇಲಿನಿಂದ ವ್ಯೂ ಚೆನ್ನಾಗಿದೆ" ಅಂತ ಹಟ ಹಿಡಿದು ತಗೊಂಡವರು ರಾತ್ರಿ ಹನ್ನೊಂದಕ್ಕೆ ದಿಂಬು ಹಿಡಿದುಕೊಂಡು ಜಗಲಿಗೆ ಬಂದಿದ್ದಾರೆ.

ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಜಾಸ್ತಿನಾ?

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಹಳೇ ಮನೆಗಳಲ್ಲಿ ಜನ ಕಷ್ಟಪಡುವುದೇ ಇದರಿಂದ. ಬರೀ ಮಹಡಿ ಮೆಟ್ಟಿಲು ಅಲ್ಲ. ರಸ್ತೆಯಿಂದ ಜಗಲಿಗೆ ಮೂರು ಮೆಟ್ಟಿಲು, ಹೆಬ್ಬಾಗಿಲಿಗೆ ಅರ್ಧ ಅಡಿ ಹೊಸ್ತಿಲು, ಒಳಗೆ ಹೋದರೆ ತೊಟ್ಟಿಗೆ ಇಳಿಯಬೇಕು, ಮತ್ತೆ ರೂಮಿಗೆ ಹತ್ತಬೇಕು, ಪ್ರತಿ ಬಾಗಿಲಿಗೂ ಹೊಸ್ತಿಲು. ಮಹಡಿ ಮೆಟ್ಟಿಲಂತೂ ಏಣಿಯೇ ಅನ್ನಿ, ಹಿಡಿದುಕೊಳ್ಳಲು ಹಗ್ಗ ಕಟ್ಟಿದ್ದೇವೆ. ಜಗಲಿ ಪಕ್ಕದ ರೂಮಿಗೆ ಮಾತ್ರ ತೊಟ್ಟಿ ದಾಟದೆ ಹೋಗಬಹುದು. ವೆಸ್ಟರ್ನ್ ಕಮೋಡ್ ಇರುವುದೂ, ಗೋಡೆಗೆ ಹಿಡಿ ಹಾಕಿಸಿರುವುದೂ ಅದರಲ್ಲೇ. ವಯಸ್ಸಾದವರಿದ್ದರೆ ಆ ರೂಮನ್ನೇ ಕೇಳಿ. ಖಾಲಿ ಇಲ್ಲದಿದ್ದರೆ ನಾನೇ ಬೇರೆ ಲಾಡ್ಜು ಹೇಳುತ್ತೇನೆ. ಗಾಲಿ ಕುರ್ಚಿಗೆ ಈ ಮನೆ ಆಗುವುದಿಲ್ಲ, ಸುಳ್ಳು ಹೇಳಿ ಕರೆಸಿಕೊಳ್ಳಲಾರೆ.

ಬಾಗಿಲು ಯಾಕೆ ಇಷ್ಟು ಗಿಡ್ಡ?

ತಲೆ ಬಗ್ಗಿಸಿ ಒಳಗೆ ಬರಲಿ ಅಂತ ಹಿರಿಯರು ಹೇಳುತ್ತಿದ್ದರು. ಐದೂವರೆ ಅಡಿಗಿಂತ ಎತ್ತರ ಇರುವವರೆಲ್ಲ ಮೊದಲ ದಿನ ಒಂದು ಸಲ ಹೊಡೆಸಿಕೊಳ್ಳುತ್ತಾರೆ. ಕೊಬ್ಬರಿ ಎಣ್ಣೆ ಜಗಲಿ ಗೂಡಿನಲ್ಲಿದೆ.

ಬಿಸಿನೀರು 24 ಗಂಟೆ ಬರುತ್ತಾ?

ಬೆಳಿಗ್ಗೆ ಆರರಿಂದ ಒಂಬತ್ತು. ಹಿಂದಿನ ಬಚ್ಚಲು ಮನೆಯಲ್ಲಿ ತಾಮ್ರದ ಹಂಡೆಗೆ ಸೌದೆ, ಅಡಿಕೆ ಹಾಳೆ ಹಾಕಿ ಉರಿ ಮಾಡುತ್ತೇವೆ. ಅಲ್ಲಿಂದ ಬಕೆಟ್. ಮೂರು ರೂಮಿಗೆ ಗೀಸರ್ ಇದೆ. ಮೂರನ್ನೂ ಒಟ್ಟಿಗೆ ಹಾಕಿ, ಜೊತೆಗೆ ಯಾರೋ ಇಸ್ತ್ರಿ ಪೆಟ್ಟಿಗೆ ಚುಚ್ಚಿದರೆ ಇಡೀ ಮನೆ ಕತ್ತಲಾಗುತ್ತದೆ. ಹಂಡೆ ನೀರಿಗೆ ಬಂದ ಹೊಗೆಯ ವಾಸನೆ ಕೆಲವರಿಗೆ ಆಗುವುದಿಲ್ಲ. ಅದಕ್ಕೋಸ್ಕರವೇ ವರ್ಷಕ್ಕೊಮ್ಮೆ ಬರುವವರೂ ಇದ್ದಾರೆ, ಅಲ್ವಾ, ಯಾರಿಗೆ ಏನು ಹಿಡಿಸುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಪಕ್ಕದ ರೂಮಿನವರ ಮಾತೆಲ್ಲ ಕೇಳಿಸುತ್ತಂತೆ, ಹೌದಾ?

ಪಕ್ಕದ್ದು ಕೇಳುವುದಿಲ್ಲ, ಮಣ್ಣಿನ ಗೋಡೆ ದಪ್ಪ ಇದೆ. ಮೇಲಿನದು ಕೇಳುತ್ತದೆ. ಮಹಡಿಯ ನೆಲ ಹಲಗೆ, ರಾತ್ರಿ ಯಾರಾದರೂ ನೀರು ಕುಡಿಯಲು ಎದ್ದರೆ ಕೆಳಗೆ ಯಾರೋ ಬಂದ ಹಾಗೆ ಆಗುತ್ತದೆ. ಇದರ ಜೊತೆ ಬೆಳಗಿನ ಸದ್ದು ಸೇರಿಸಿ: ದೇವಸ್ಥಾನದ ಗಂಟೆ, ಮಸೀದಿಯ ಬಾಂಗ್, ಹಾಲಿನವನು, ಪೇಪರಿನವನು, ಎದುರು ಮನೆಯ ಮಿಕ್ಸಿ. ಹಳೇ ಬಡಾವಣೆ ಐದಕ್ಕೇ ಏಳುತ್ತದೆ. ಎಂಟರ ತನಕ ಮಲಗುವವರು ಹಿಂದಿನ ಬಾವಿ ಕಡೆಯ ರೂಮು ಕೇಳಿ.

ರೂಮಲ್ಲಿ ಹಲ್ಲಿ ಇದೆ. ಹಾವು ಬರುತ್ತಾ?

ಹಲ್ಲಿ ಬಾಡಿಗೆ ಕೊಡದೆ ಇರುವ ಖಾಯಂ ಗಿರಾಕಿ. ಅಟ್ಟದಲ್ಲಿ ಇಲಿ ಓಡಾಡುತ್ತದೆ, ಬೆಕ್ಕೂ ಇದೆ. ಹಾವು ಮನೆಯೊಳಗೆ ನಾನು ನೋಡಿಲ್ಲ. ಹಿತ್ತಲಿನ ಸೌದೆ ರಾಶಿ ಹತ್ತಿರ ರಾತ್ರಿ ಬರಿಗಾಲಲ್ಲಿ ಹೋಗಬೇಡಿ, ಅಷ್ಟೇ. ಸೊಳ್ಳೆ ಪರದೆ ಎಲ್ಲ ಮಂಚಕ್ಕೂ ಇದೆ. ಸೊಳ್ಳೆ ಬತ್ತಿ, ಊದಿನಕಡ್ಡಿ, ಮೇಣದಬತ್ತಿ, ಸಿಗರೇಟು ರೂಮಿನಲ್ಲಿ ಬೇಡವೇ ಬೇಡ. ಇಡೀ ಮನೆ ಒಣಗಿದ ಮರ. ಇದೊಂದರಲ್ಲಿ ಮುಲಾಜಿಲ್ಲ.

## ಮಳೆ, ಹೊಳೆ

ಜುಲೈನಲ್ಲಿ ಬಂದ್ರೆ ಹೊಳೆ ನೀರು ಮನೆಗೆ ನುಗ್ಗಲ್ವಾ?

ತುಂಗೆ ನಮ್ಮಿಂದ ನಡೆದು ಹೋಗುವಷ್ಟು ಹತ್ತಿರ. ಮನೆ ಇರುವುದು ದಿಬ್ಬದ ಮೇಲೆ, ಇಲ್ಲಿಯವರೆಗೆ ನೀರು ಹತ್ತಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಊರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿ ಜನ ಬಹಳ ಕಷ್ಟಪಟ್ಟರು. ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, ಮಳೆ ಹಿಡಿದರೆ ಬೇಗ ತುಂಬಿ ಗೇಟು ತೆಗೆಯುತ್ತಾರೆ.

ಊರಿನವರಿಗೆ ಅಳತೆಗೋಲು ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ. "ಮಂಟಪ ಮುಳುಗಿತಂತೆ" ಅಂದರೆ ಆ ವರ್ಷದ ಮಳೆಗಾಲ ಪಾಸು. ಜನ ಕೊಡೆ ಹಿಡಿದು ನೋಡಲು ಹೋಗುತ್ತಾರೆ, ಬಾಗಿನ ಬಿಡುತ್ತಾರೆ. ನೀವೂ ಹೋಗಿ, ಸೇತುವೆ ಮೇಲಿಂದ ನೋಡಿ. ಮೆಟ್ಟಿಲಿಗೆ ಇಳಿದು ಸೆಲ್ಫಿ ತೆಗೆಯುವುದು ಬೇಡ. "ತುಂಗಾ ಪಾನ, ಗಂಗಾ ಸ್ನಾನ" ಅಂತ ಗಾದೆ ಇದೆ ನಿಜ, ಆದರೆ ಈಗ ಊರಿನ ಹತ್ತಿರ ಹೊಳೆ ನೀರನ್ನು ಹಾಗೇ ಕುಡಿಯುವವರು ಯಾರೂ ಇಲ್ಲ.

ಸೂರು ಸೋರುತ್ತಾ?

ಹೆಂಚಿನ ಮನೆ ಸೋರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏಪ್ರಿಲ್, ಮೇನಲ್ಲಿ ಹೆಂಚು ಕೈಯಾಡಿಸುತ್ತೇವೆ, ಒಡೆದದ್ದು ಬದಲಾಯಿಸುತ್ತೇವೆ, ಓರೆಯಲ್ಲಿ ತುಂಬಿದ ಎಲೆ ತೆಗೆಸುತ್ತೇವೆ. ಎಲ್ಲ ಮುಗಿದ ಮಾರನೇ ದಿನ ಮಂಗನ ಹಿಂಡು ಬಂದು ಕುಣಿದು ಹೋಗುತ್ತದೆ. ಗಾಳಿ ಮಳೆಗೆ ಸಣ್ಣ ತುಂತುರು ಒಳಗೆ ಬರಬಹುದು. ಮಂಚ ಸರಿಸಿಕೊಡುತ್ತೇವೆ, ತೀರಾ ಜಾಸ್ತಿ ಸೋರಿದರೆ ರೂಮು ಬದಲಾಯಿಸುತ್ತೇವೆ.

ಜಾಸ್ತಿ ತೊಂದರೆ ಕೊಡುವುದು ಸೋರಿಕೆಯಲ್ಲ, ಥಂಡಿ. ಒದ್ದೆ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಸ್ಟು ಬರುತ್ತದೆ. ರಬ್ಬರ್ ಚಪ್ಪಲಿ, ಎರಡು ಜೊತೆ ಬಟ್ಟೆ ಜಾಸ್ತಿ ತನ್ನಿ. ಹಂಡೆ ಒಲೆ ಮೇಲೆ ಹಗ್ಗ ಕಟ್ಟಿದ್ದೇವೆ, ಅಲ್ಲಿ ಹಾಕಿದರೆ ಒಣಗುತ್ತದೆ. ಹೊಗೆ ವಾಸನೆ ಬಿಟ್ಟಿ.

## ಊಟ, ಸುತ್ತಾಟ

ಮಲ್ನಾಡು ಊಟ ಸಿಗುತ್ತಾ? ನಾನ್‌ವೆಜ್?

ಬೆಳಗಿನ ತಿಂಡಿ ಮಾತ್ರ ನಮ್ಮದು, ಏನು ಮಾಡಿದ್ದೇವೋ ಅದು. ಅಕ್ಕಿ ರೊಟ್ಟಿ, ನೀರುದೋಸೆ, ಕಡುಬು, ಜೊತೆಗೆ ಅಪ್ಪೆಮಿಡಿ. ಮಳೆಗಾಲದಲ್ಲಿ ಬಂದರೆ ಪತ್ರೊಡೆ ಸಿಗಬಹುದು, ಅದೃಷ್ಟ ಇದ್ದರೆ ಕಳಲೆ, ಅಂದರೆ ಎಳೆ ಬಿದಿರು. ಕಳಲೆಯನ್ನು "ನಾಳೆ ಮಾಡಿ" ಅಂತ ಕೇಳಬೇಡಿ. ಹೆಚ್ಚಿ ಮೂರು ದಿನ ನೀರಲ್ಲಿ ನೆನೆಸಿಟ್ಟು ದಿನಾ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ವಿಷ. ನಮ್ಮ ಅಡುಗೆಮನೆ ಸಸ್ಯಾಹಾರಿ. ಮೀನು, ಕೋಳಿಗೆ ಊರಿನಲ್ಲಿ ಒಳ್ಳೆಯ ಮಿಲಿಟರಿ ಹೋಟೆಲುಗಳಿವೆ, ಜಗಲಿಯಲ್ಲಿ ಕೇಳಿ, ಹುಡುಗ ಕಣ್ಣು ಅರಳಿಸಿ ಹೇಳುತ್ತಾನೆ. ತಂದು ರೂಮಿನಲ್ಲಿ ತಿನ್ನುವುದು ಬೇಡ.

ಒಂದೇ ದಿನ ಇದೆ. ನಡ್ಕೊಂಡೇ ಏನು ನೋಡಬಹುದು?

ಬೆಳಿಗ್ಗೆ ಏಳಕ್ಕೆ ಕೋಟೆ ಸೀತಾರಾಮಾಂಜನೇಯ ದೇವಸ್ಥಾನ, ಅಲ್ಲಿಂದ ಹೊಳೆ. ಹತ್ತರ ಮೇಲೆ ಶಿವಪ್ಪನಾಯಕ ಅರಮನೆ ಮ್ಯೂಸಿಯಂ. ಸೋಮವಾರ ಹೋಗಬೇಡಿ, ರಜೆ. ಒಳಗಿನ ಮರದ ಕಂಬಗಳನ್ನು ನೋಡಿ ಎಲ್ಲರೂ ಹೊರಗೆ ಬಂದುಬಿಡುತ್ತಾರೆ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಹತ್ತಿರ ಅರ್ಧ ಗಂಟೆ ಇರಿ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಓದುವುದು ಕೆಳಗಿನಿಂದ ಮೇಲೆ. ಇದು ಗೊತ್ತಿದ್ದರೆ ಮಕ್ಕಳಿಗೂ ಹಿಡಿಸುತ್ತದೆ.

ಸಂಜೆ ಗಾಂಧಿ ಬಜಾರ್. ಏನೂ ತಗೊಳ್ಳದಿದ್ದರೂ ಪರವಾಗಿಲ್ಲ, ಅಡ್ಡ ಓಣಿಗಳಲ್ಲಿ ಸುಮ್ನೆ ನಡೆಯಿರಿ. ಬಿ.ಎಚ್. ರಸ್ತೆ ಅಂದರೆ ಏನು ಅಂತ ತುಂಬಾ ಜನ ಕೇಳುತ್ತಾರೆ: ಬೆಂಗಳೂರು–ಹೊನ್ನಾವರ.

ಜೋಗ, ಆಗುಂಬೆ, ಸಿಗಂದೂರು ಎಲ್ಲಾ ಇಲ್ಲಿಂದಲೇ ಮಾಡಬಹುದಾ?

ಮಾಡಬಹುದು, ಒಂದೇ ದಿನದಲ್ಲಿ ಅಲ್ಲ. ಜೋಗ ಸುಮಾರು 100 ಕಿ.ಮೀ., ಹೋಗಲಿಕ್ಕೇ ಎರಡೂವರೆ ಗಂಟೆ ಹಿಡಿಯಿರಿ. ಅದೇ ದಿಕ್ಕಿನಲ್ಲಿ ಸಾಗರದ ಹತ್ತಿರ ಇಕ್ಕೇರಿ, ಕೆಳದಿ. ಸಿಗಂದೂರಿಗೆ ಈಗ ಲಾಂಚ್ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಸೇತುವೆ ಆಯಿತು. ಆಗುಂಬೆ, ಕುಪ್ಪಳಿ, ಕವಲೇದುರ್ಗ ತೀರ್ಥಹಳ್ಳಿ ಕಡೆ, ಅದಕ್ಕೆ ಬೇರೆ ದಿನ. ಎರಡೂ ಕಡೆ ಮಾಡುವುದಾದರೆ ಒಂದು ರಾತ್ರಿ ನಮ್ಮಲ್ಲಿ ಕಡಿಮೆ ಮಾಡಿ ತೀರ್ಥಹಳ್ಳಿಯಲ್ಲೇ ಉಳಿಯಿರಿ, ನಾನೇ ಹೇಳುತ್ತಿದ್ದೇನೆ. ಸಕ್ರೆಬೈಲಿನ ಆನೆಗಳನ್ನು ನೋಡಲು ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಹೋದರೆ ಆನೆ ಕಾಡಿಗೆ, ನೀವು ವಾಪಸ್ಸು. ಯಾರೂ ಕೇಳದೇ ಇರುವ ಜಾಗ ಕೂಡ್ಲಿ. ತುಂಗೆ, ಭದ್ರೆ ಸೇರುವುದು ಅಲ್ಲೇ, ಊರಿನಿಂದ ಸುಮಾರು 15 ಕಿ.ಮೀ. ಸಂಜೆ ಹೊತ್ತು ಹೋಗಿ.

ಮಾರಿಜಾತ್ರೆ ಟೈಮಲ್ಲಿ ರೂಮ್ ಸಿಗುತ್ತಾ?

ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೊದಲ ದಿನ ಅಮ್ಮ ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರುತ್ತಾಳೆ, ಅಲ್ಲಿಂದ ಕೋಟೆ ಗದ್ದುಗೆಗೆ ಬರುತ್ತಾಳೆ. ಆ ಐದು ದಿನ ನಮ್ಮ ಏಳೂ ರೂಮು ನಮ್ಮ ನೆಂಟರಿಗೇ ಸಾಲುವುದಿಲ್ಲ, ಬಾಡಿಗೆಗೆ ಇಲ್ಲ. ಗಣಪತಿ ವಿಸರ್ಜನೆಯ ದೊಡ್ಡ ಮೆರವಣಿಗೆಯ ದಿನ ರೂಮು ಇರುತ್ತದೆ, ಆದರೆ ಈ ಕಡೆಯ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಆ ದಿನ ರೈಲು ಹಿಡಿಯಬೇಕಾದವರು ಸ್ಟೇಷನ್ ಕಡೆ ಉಳಿಯುವುದೇ ವಾಸಿ.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಗೋಡೆ ಉದುರುತ್ತಾ ಇದೆ. ಸಿಮೆಂಟ್ ಹೊಡೆಸಿಬಿಡಬಾರದಾ?

ಹೊಡೆಸಿದ್ದೆವು. ಉದುರುತ್ತಿರುವುದೇ ಅದು.

ಒಬ್ಬ ಕಂಟ್ರಾಕ್ಟರ್ ಹತ್ತು ವರ್ಷದ ಹಿಂದೆ "ಅಕ್ಕಾ, ಸಿಮೆಂಟ್ ಮಾಡಿದ್ರೆ ನಿಮ್ ಮೊಮ್ಮಕ್ಕಳ ಕಾಲಕ್ಕೂ ಏನಾಗಲ್ಲ" ಅಂದ. ಎರಡನೇ ಮಳೆಗಾಲಕ್ಕೆ ಗೋಡೆ ಉಬ್ಬಿತು. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಂಡು, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಕೊಡುವುದಿಲ್ಲ. ತೇವ ಒಳಗೇ ಸಿಕ್ಕಿಬಿದ್ದು ಮೇಲೆ ಮೇಲೆ ಹತ್ತುತ್ತದೆ, ಕೊನೆಗೆ ಸಿಮೆಂಟು ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಆಯಿಲ್ ಪೇಂಟಿನದೂ ಇದೇ ಕಥೆ. ಈಗ ಒಂದೊಂದೇ ಗೋಡೆ ಕೆರೆಸಿ ಸುಣ್ಣದ ಗಾರೆ ಮಾಡಿಸುತ್ತಿದ್ದೇವೆ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಹಾಕಿ ಕಲಸುವುದು ಹಳೇ ಕ್ರಮ. ಅದು ಗೊತ್ತಿರುವ ಕೆಲಸದವರನ್ನು ಹುಡುಕುವುದಕ್ಕೇ ಒಂದು ವರ್ಷ ಹೋಯಿತು. ಒಣಗಲು ವಾರಗಟ್ಟಲೆ ಬೇಕು, ಅಷ್ಟು ದಿನ ಆ ರೂಮಿನ ಬಾಡಿಗೆ ಇಲ್ಲ. ಹಾಗಾಗಿ ಮೂರನೇ ನಂಬರ್ ರೂಮಿನ ಗೋಡೆ ನೋಡಿ ಮೂಗು ಮುರಿಯಬೇಡಿ, ಅದರ ಸರದಿ ಇನ್ನೂ ಬಂದಿಲ್ಲ.

ಕಾವಿ ನೆಲ ಇಷ್ಟು ಹೊಳೆಯುತ್ತಲ್ಲ, ಏನು ಹಾಕ್ತೀರಾ?

ಕಾಲು. ನೂರು ವರ್ಷದ ಬರಿಗಾಲು. ಅದರ ಮೇಲೆ ತಿಂಗಳಿಗೊಮ್ಮೆ ಹತ್ತಿ ಬಟ್ಟೆಯಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ, ಚೆನ್ನಾಗಿ ಉಜ್ಜಿ ಒರೆಸಬೇಕು, ಇಲ್ಲದಿದ್ದರೆ ಜಾರುತ್ತದೆ. ಆಸಿಡ್ ತಾಗಿಸಲೇಬಾರದು. ಮಂಚ ಎಳೆದಾಡಬೇಡಿ, ಎತ್ತಿ ಇಡಿ.

ನಮ್ಮ ಅಜ್ಜನ ಮನೆಯೂ ಖಾಲಿ ಬಿದ್ದಿದೆ. ನಾವೂ ಹೀಗೆ ಮಾಡಬಹುದಾ?

ತಿಂಗಳಿಗೆ ಇಬ್ಬರಾದರೂ ಕೇಳುತ್ತಾರೆ. ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ: ಮನೆ ಯಾರ ಹೆಸರಲ್ಲಿದೆ? ಅಜ್ಜನ ಹೆಸರಲ್ಲೇ ಇದ್ದು, ಹನ್ನೊಂದು ಜನ ಪಾಲುದಾರರಿದ್ದು, ಅವರಲ್ಲಿ ಇಬ್ಬರು ಮಾತು ಬಿಟ್ಟಿದ್ದರೆ, ಹೆಂಚಿಗೆ ಖರ್ಚು ಮಾಡುವ ಮುಂಚೆ ವಕೀಲರಿಗೆ ಮಾಡಿ. ನಮ್ಮಲ್ಲಿ ಹೆಚ್ಚು ಹೊತ್ತು ಹಿಡಿದದ್ದು ರಿಪೇರಿ ಅಲ್ಲ, ಸಹಿ.

ಆಮೇಲೆ ವೈರಿಂಗ್. ಹಳೇ ವೈರು ಒಂದು ಬಲ್ಬು, ಒಂದು ಫ್ಯಾನಿಗೆ ಅಂತ ಎಳೆದದ್ದು. ಗೀಸರ್ ಹಾಕಿದರೆ ಮರದ ಗೋಡೆಪಟ್ಟಿಯೊಳಗೇ ಬಿಸಿಯಾಗುತ್ತದೆ. ಪೂರ್ತಿ ಕಿತ್ತು ಹೊಸದು ಹಾಕಿಸಿ, ರೂಮಿಗೊಂದು ಎಂಸಿಬಿ, ಅಂದರೆ ಲೋಡು ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು, ಕೊಡಿಸಿ. ಅಗ್ನಿನಂದಕ ಜಗಲಿಯಲ್ಲೊಂದು, ಮಹಡಿಯಲ್ಲೊಂದು. ಹೊರಗೆ ಹೋಗಲು ಎರಡನೇ ದಾರಿ ಇದೆಯಾ ನೋಡಿ.

ಕಾಗದಪತ್ರ: ಲಾಡ್ಜಾದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ, ತಿಂಡಿ ಕೊಟ್ಟರೆ ಆಹಾರ ಸುರಕ್ಷತೆಯ ನೋಂದಣಿ. ಮನೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿದ್ದರೆ ಇನ್ನೊಂದು ತಲೆನೋವು: 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ರಿಪೇರಿಗೂ ಕೇಳಿಕೊಂಡೇ ಕೈ ಹಾಕಬೇಕು.

ಲಾಭ ಬರುತ್ತಾ? ಸೂರಿನ ಖರ್ಚು ಮನೆಯೇ ದುಡಿದುಕೊಳ್ಳುತ್ತದೆ. ಅದರ ಮೇಲೆ ಉಳಿಯುವುದು ಮಗಳ ಫೀಸಿಗೆ ಸರಿಹೋಗುತ್ತದೆ. ನೀವು ಬೆಂಗಳೂರಲ್ಲಿದ್ದುಕೊಂಡು ಮ್ಯಾನೇಜರ್ ಇಟ್ಟು ನಡೆಸುವುದಾದರೆ ಅಷ್ಟೂ ಉಳಿಯುವುದಿಲ್ಲ.

ಆ ಬೀಟೆ ಕಂಬ ಮಾರ್ತೀರಾ? ಒಳ್ಳೆ ರೇಟ್ ಕೊಡ್ತೀನಿ

ಇದು ಪ್ರಶ್ನೆಯಲ್ಲ, ಆದರೂ ಪದೇ ಪದೇ ಬರುತ್ತದೆ. ಮಲೆನಾಡಿನ ಎಷ್ಟೋ ತೊಟ್ಟಿ ಮನೆಗಳು ಹೀಗೇ ಲಾರಿ ಹತ್ತಿ ಹೋಗಿವೆ. ಕಂಬ ಒಂದು ಕಡೆಗೆ, ಬಾಗಿಲು ಒಂದು ಕಡೆಗೆ, ಯಾವುದೋ ರೆಸಾರ್ಟಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿರುತ್ತಾರೆ. ಮಾರಿದವರನ್ನು ನಾನು ಬೈಯುವುದಿಲ್ಲ. ಸೋರುವ ಮನೆ, ಊರಲ್ಲಿ ಯಾರೂ ಇಲ್ಲ, ಏನು ಮಾಡುತ್ತಾರೆ?

ನಮ್ಮದನ್ನು ಕೇಳುವುದಾದರೆ ಅತ್ತೆಯನ್ನೇ ಕೇಳಿ. ಅವರು ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಆ ಕಂಬಕ್ಕೆ ಒರಗಿಕೊಂಡೇ ನಿದ್ದೆ ಮಾಡುತ್ತಿರುತ್ತಾರೆ. ಎಬ್ಬಿಸುವ ಧೈರ್ಯ ನನಗಂತೂ ಇಲ್ಲ.